ಕರಪತ್ರದಿಂದ ಮೊಬೈಲಿಗೆ, ಮೊಬೈಲಿನಿಂದ ಅಂಗಡಿಗೆ

ಸಣ್ಣ ಊರಿನ ಅಂಗಡಿಕಾರರು ಜಾಹೀರಾತಿನ ವಿಷಯದಲ್ಲಿ ಈಗ ಎರಡು ಪಂಗಡವಾಗಿದ್ದಾರೆ. ಹಬ್ಬ ಬಂತೆಂದರೆ ಪೇಪರಿನೊಳಗೆ ಹ್ಯಾಂಡ್‌ಬಿಲ್ ಇಡಿಸಿ, ಆಟೊಗೆ ಮೈಕ್ ಕಟ್ಟಿಸಿ, ಅಲ್ಲಿಗೆ ಕೆಲಸ ಮುಗಿಯಿತು ಎನ್ನುವವರು ಒಂದು ಕಡೆ. ಮಗನೋ ಸೊಸೆಯೋ ಇನ್‌ಸ್ಟಾಗ್ರಾಮ್ ಖಾತೆ ತೆರೆದುಕೊಟ್ಟ ಮೇಲೆ ದಿನಕ್ಕೊಂದು ರೀಲ್ ಹಾಕುತ್ತ, ಪೇಪರಿಗೆ ಕೊಡುವ ದುಡ್ಡೆಲ್ಲ ದಂಡ ಎನ್ನುವವರು ಇನ್ನೊಂದು ಕಡೆ. ಇಬ್ಬರೂ ಅರ್ಧ ಕೆಲಸ ಮಾಡಿ ಪೂರ್ತಿ ದುಡ್ಡು ಕಳೆಯುತ್ತಿದ್ದಾರೆ. ಕರಪತ್ರ ಇಡೀ ಊರಿನ ಕಣ್ಣಿಗೆ ಬೀಳುತ್ತದೆ, ಆದರೆ ಸಂಜೆಯೊಳಗೆ ರದ್ದಿ ಸೇರುತ್ತದೆ. ಮೊಬೈಲು ಗಿರಾಕಿಯನ್ನು ನೆನಪಿಟ್ಟುಕೊಳ್ಳುತ್ತದೆ, ಮಾತಾಡಿಸುತ್ತದೆ. ಆದರೆ ನಿಮ್ಮ ನಂಬರೇ ಇಲ್ಲದವರಿಗೆ ನೀವು ಇರುವುದೇ ಗೊತ್ತಾಗುವುದಿಲ್ಲ. ಒಂದು ಜಾಹೀರಾತು ಗಿರಾಕಿಯನ್ನು ಇನ್ನೊಂದರ ಕೈಗೆ ದಾಟಿಸಬೇಕು. ಹೊಸದಾಗಿ ಶುರು ಮಾಡುವವರು ಕಲಿಯಬೇಕಾದ ಮುಖ್ಯ ಕೆಲಸ ಇದೇ.

ಮಾತು ಗಾಳಿಯಲ್ಲಿ ಹೋಗದಿರಲಿ ಎಂದು ಒಂದು ಅಂಗಡಿಯನ್ನು ಕಣ್ಮುಂದೆ ಇಟ್ಟುಕೊಳ್ಳೋಣ. ಬಾಗಲಕೋಟೆ ಜಿಲ್ಲೆಯ ಒಂದು ತಾಲೂಕು ಊರು. ಬಸ್ ಸ್ಟ್ಯಾಂಡಿನಿಂದ ಐದು ನಿಮಿಷದ ದಾರಿಯಲ್ಲಿ ಇಳಕಲ್ ಸೀರೆ, ಗುಳೇದಗುಡ್ಡದ ಖಣ ಮಾರುವ ಸಣ್ಣ ಅಂಗಡಿ. ಗಂಡ ಹೆಂಡತಿ ಇಬ್ಬರೇ ನಡೆಸುತ್ತಾರೆ. ಎದುರಿಗೆ ನಾಗರ ಪಂಚಮಿ ಇದೆ. ಹೆಣ್ಣುಮಕ್ಕಳು ತವರಿಗೆ ಬರುವ, ಉಡಿ ತುಂಬಿಸಿಕೊಳ್ಳುವ ಹಬ್ಬ. ವರ್ಷದ ವ್ಯಾಪಾರದಲ್ಲಿ ದೊಡ್ಡ ಪಾಲು ಈ ಕೆಲವು ವಾರಗಳದ್ದು. ನಿಮ್ಮದು ಬೇಕರಿಯೋ ಗಾಣದ ಎಣ್ಣೆಯೋ ಆಗಿದ್ದರೂ ಹಂತಗಳು ಇವೇ; ಹಬ್ಬದ ಹೆಸರು ಮಾತ್ರ ಬದಲಾಗುತ್ತದೆ.

ಹಂತ 1: ಎರಡು ವಾರ ಬರೀ ಕೇಳಿ

ಒಂದು ರೂಪಾಯಿಯನ್ನೂ ಖರ್ಚು ಮಾಡುವ ಮೊದಲು ಗಲ್ಲಾಪೆಟ್ಟಿಗೆಯ ಪಕ್ಕ ಒಂದು ನೋಟ್‌ಬುಕ್ ಇಡಿ. ಬಂದವರಿಗೆಲ್ಲ ಎರಡು ಪ್ರಶ್ನೆ: ‘ನಮ್ಮ ಅಂಗಡಿ ವಿಷಯ ಮೊದಲು ಎಲ್ಲಿ ಗೊತ್ತಾಯಿತು?’, ‘ಇವತ್ತು ಬರೋಕೆ ಏನು ಕಾರಣ?’ ಎರಡೂ ಬೇರೆ ಬೇರೆ. ವರ್ಷದ ಹಿಂದೆ ಅತ್ತೆ ಹೇಳಿದ್ದರಿಂದ ಅಂಗಡಿ ಗೊತ್ತಿರಬಹುದು, ಇವತ್ತು ಬಂದದ್ದು ವಾಟ್ಸ್ಆ್ಯಪ್ ಸ್ಟೇಟಸ್‌ನಲ್ಲಿ ಗಿಳಿಹಸಿರು ಸೀರೆ ಕಂಡಿದ್ದರಿಂದ ಇರಬಹುದು. ಒಂದೇ ಪ್ರಶ್ನೆ ಕೇಳಿದರೆ ಇದರಲ್ಲಿ ಅರ್ಧ ಕತೆ ತಪ್ಪಿಹೋಗುತ್ತದೆ.

ಯಾವ ಹಳ್ಳಿಯಿಂದ ಬಂದರು ಎಂಬುದನ್ನೂ ಬರೆದಿಡಿ. ಎರಡು ವಾರದಲ್ಲಿ ನಿಮ್ಮ ವ್ಯಾಪಾರದ ನಕ್ಷೆ ಮೂಡುತ್ತದೆ: ಯಾವ ದಿಕ್ಕಿನ ಬಸ್ಸಿನಿಂದ ಗಿರಾಕಿ ಇಳಿಯುತ್ತಾರೆ, ಸಂತೆಯ ದಿನ ಎಷ್ಟು ಹೆಚ್ಚು, ಯಾವ ಕಡೆಯವರು ಬರುತ್ತಲೇ ಇಲ್ಲ. ಮುಂದೆ ಕರಪತ್ರ ಎಲ್ಲಿ ಹಂಚಬೇಕು, ಫೇಸ್‌ಬುಕ್ ಜಾಹೀರಾತನ್ನು ಎಷ್ಟು ದೂರಕ್ಕೆ ಬಿಡಬೇಕು ಎಂಬುದನ್ನು ಈ ನೋಟ್‌ಬುಕ್ಕೇ ಹೇಳುತ್ತದೆ. ಬೇಸರವೆನಿಸಿದರೂ ಈ ಹಂತವನ್ನು ದಯವಿಟ್ಟು ಬಿಡಬೇಡಿ.

ಹಂತ 2: ಒಂದು ಹೆಸರು, ಒಂದು ನಂಬರು, ಒಂದು ಚಿತ್ರ

ಅಂಗಡಿಯ ಬೋರ್ಡಿನಲ್ಲಿ ಒಂದು ಹೆಸರು, ಬಿಲ್ಲಿನಲ್ಲಿ ಇನ್ನೊಂದು, ಇನ್‌ಸ್ಟಾಗ್ರಾಮಿನಲ್ಲಿ ಮಗಳು ಇಟ್ಟ ಚಂದದ ಮೂರನೆಯದು. ಹೀಗಿರುವ ಅಂಗಡಿಗಳು ಬೇಕಾದಷ್ಟು. ಕರಪತ್ರ ನೋಡಿದವರು ಮೊಬೈಲಿನಲ್ಲಿ ಹುಡುಕಿದಾಗ ಅದೇ ಹೆಸರು, ಅದೇ ಕಾಗುಣಿತದಲ್ಲಿ ಸಿಗಬೇಕು. ಕನ್ನಡದಲ್ಲಿ ಟೈಪ್ ಮಾಡಿದರೂ ಸಿಗಬೇಕು, ಇಂಗ್ಲಿಷಿನಲ್ಲಿ ಮಾಡಿದರೂ ಸಿಗಬೇಕು. ಹೊಸ ಬೋರ್ಡು ಬರೆಸುವವರು, 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ 60% ಕನ್ನಡ ಇರಬೇಕು, ಅದು ಮೇಲ್ಭಾಗದಲ್ಲಿರಬೇಕು ಎಂಬುದನ್ನೂ ನೆನಪಿಡಿ.

ಎಲ್ಲ ಕಡೆ ಒಂದೇ ಗುರುತು ಎಂಬ ಈ ಪಾಠ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಹುಟ್ಟಿದ ಮೈಸೂರು ಸ್ಯಾಂಡಲ್ ಸೋಪಿನ ಪ್ರಚಾರ ಆಗಿನ ಕಾಲಕ್ಕೆ ಸಿಗುತ್ತಿದ್ದ ಎಲ್ಲ ದಾರಿಗಳಲ್ಲೂ ನಡೆಯಿತು. ಟ್ರಾಮ್ ಟಿಕೆಟಿನ ಮೇಲೆ, ಬೆಂಕಿಪೊಟ್ಟಣದ ಮೇಲೆ ಸೋಪಿನ ಡಬ್ಬಿಯ ಚಿತ್ರ ಬಂತು; ಕರಾಚಿಯಲ್ಲಿ ಒಂಟೆಗಳ ಮೆರವಣಿಗೆಯೂ ನಡೆಯಿತು. ದಾರಿ ಯಾವುದೇ ಇರಲಿ, ಕಣ್ಣಿಗೆ ಬಿದ್ದದ್ದು ಅದೇ ಡಬ್ಬಿ. ಡಬ್ಬಿಯ ಮೇಲಿನ, ಆನೆಯ ತಲೆ, ಸಿಂಹದ ಮೈಯ ಶರಭ ಇಂದಿಗೂ ಆ ಸೋಪಿನ ಗುರುತು.

ನಮ್ಮ ಸೀರೆ ಅಂಗಡಿಗೆ ಶರಭ ಬೇಡ. ಕೆಂಪು ಸೆರಗಿನ ಮೇಲೆ ಬಿಳಿಯ ಗೋಪುರದ ಸಾಲು ಕಾಣುವ ಒಂದೇ ಒಂದು ಒಳ್ಳೆಯ ಫೋಟೊ ಸಾಕು. ಅದೇ ಕರಪತ್ರದಲ್ಲಿ, ಅದೇ ವಾಟ್ಸ್ಆ್ಯಪ್ ಪ್ರೊಫೈಲಿನಲ್ಲಿ, ಅದೇ ಕ್ಯಾರಿಬ್ಯಾಗಿನ ಮೇಲೆ.

ಹಂತ 3: ಮೊಬೈಲನ್ನು ಮೊದಲು ಸಿದ್ಧ ಮಾಡಿ, ಕರಪತ್ರ ಆಮೇಲೆ

ಎಷ್ಟೋ ಜನ ಇದನ್ನು ತಿರುಗಾ ಮುರುಗಾ ಮಾಡುತ್ತಾರೆ. ಕರಪತ್ರ ಹಂಚಿಯಾಗಿರುತ್ತದೆ, ಅದರಲ್ಲಿರುವ ನಂಬರಿಗೆ ಮೆಸೇಜ್ ಮಾಡಿದರೆ ಉತ್ತರ ಬರುವುದಿಲ್ಲ. ಆ ಗಿರಾಕಿ ಮತ್ತೆ ಕೇಳುವುದಿಲ್ಲ.

ವಾಟ್ಸ್ಆ್ಯಪ್ ಬಿಸಿನೆಸ್ ಆ್ಯಪ್ ಉಚಿತ. ಮನೆಯ ನಂಬರು ಬೇಡ, ಅಂಗಡಿಗೇ ಒಂದು ಸಿಮ್ ತೆಗೆದುಕೊಳ್ಳಿ. ಅದರಲ್ಲಿ ನಾಲ್ಕು ಕೆಲಸ ಮಾಡಿ. ವಿಳಾಸ ಮತ್ತು ಸಮಯ ತುಂಬಿಸಿ. ಯಾರಾದರೂ ಮೊದಲ ಸಲ ಮೆಸೇಜ್ ಮಾಡಿದರೆ ತಾನಾಗಿಯೇ ಹೋಗುವ ಸ್ವಾಗತದ ಸಾಲೊಂದನ್ನು ಬರೆದಿಡಿ. ನಿಮ್ಮ ಊರಿನ ಮಾತಿನಲ್ಲೇ ಇರಲಿ. ಅಂಗಡಿ ಮುಚ್ಚಿದ ಮೇಲೆ ಹೋಗುವ ಉತ್ತರವನ್ನೂ ಬರೆಯಿರಿ. ಕೊನೆಯದು ಕ್ಯಾಟಲಾಗ್. ಹತ್ತು ಸೀರೆ, ಐದು ಖಣ ಸಾಕು, ನೂರು ಬೇಡ.

ಫೋಟೊದ ಬಗ್ಗೆ ಸ್ವಲ್ಪ ನಿಲ್ಲಬೇಕು. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ತೆಗೆದ ಸೀರೆ ಮೊಬೈಲಿನಲ್ಲಿ ಬೇರೆಯೇ ಬಣ್ಣ ಕಾಣುತ್ತದೆ. ಬೆಳಗ್ಗೆ ಬಾಗಿಲ ಬಳಿ, ಬಿಸಿಲು ನೇರ ಬೀಳದ ಕಡೆ ಹರಡಿ ತೆಗೆಯಿರಿ. ಪ್ರತಿ ಸೀರೆಗೆ ಮೂರು ಫೋಟೊ: ಪೂರ್ತಿ ಸೆರಗು, ದಡಿ ಹತ್ತಿರದಿಂದ, ಒಡಲಿನ ಬಣ್ಣ. ಕೆಳಗೆ ಬೆಲೆ ಬರೆಯಿರಿ. ‘ಬೆಲೆಗೆ ಮೆಸೇಜ್ ಮಾಡಿ’ ಎಂದರೆ ಹಳ್ಳಿಯ ಹೆಣ್ಣುಮಗಳು ಸಂಕೋಚದಿಂದ ಸುಮ್ಮನಾಗುತ್ತಾಳೆ. ಬೆಲೆ ಕಂಡರೆ ತನ್ನ ಕೈಲಾಗುವುದೋ ಇಲ್ಲವೋ ತಾನೇ ತೀರ್ಮಾನಿಸಿ ಬರುತ್ತಾಳೆ. ಕೈಮಗ್ಗದ್ದೋ ಪವರ್‌ಲೂಮಿನದೋ, ಹತ್ತಿಯೋ ಕೃತಕ ರೇಷ್ಮೆಯೋ ಎಂಬುದನ್ನೂ ಸ್ಪಷ್ಟವಾಗಿ ಬರೆಯಿರಿ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಪವರ್‌ಲೂಮಿನ ಸೀರೆಯನ್ನು ಕೈಮಗ್ಗದ್ದೆಂದು ಮಾರುವವರು ನೇಕಾರನ ಹೊಟ್ಟೆಯ ಮೇಲೆ ಹೊಡೆಯುತ್ತಾರೆ, ತಮ್ಮ ಅಂಗಡಿಯ ಹೆಸರನ್ನೂ ಕೆಡಿಸಿಕೊಳ್ಳುತ್ತಾರೆ.

ಇನ್ನೊಂದು ಉಚಿತ ಸಾಧನ ಗೂಗಲ್ ಬಿಸಿನೆಸ್ ಪ್ರೊಫೈಲ್. ಇದರಲ್ಲಿ ನೋಂದಾಯಿಸಿ, ಗೂಗಲ್ ಕೇಳುವ ಪರಿಶೀಲನೆ ಮುಗಿಸಿದರೆ ಮ್ಯಾಪಿನಲ್ಲಿ ನಿಮ್ಮ ಅಂಗಡಿ ಕಾಣುತ್ತದೆ. ಹಬ್ಬದ ದಿನಗಳ ಸಮಯ ಬದಲಾದರೆ ಅಲ್ಲೂ ಬದಲಾಯಿಸಿ. ಗಿರಾಕಿಗಳನ್ನು ವಿಮರ್ಶೆ ಬರೆಯಿರಿ ಎಂದು ಕೇಳಬಹುದು, ಅದಕ್ಕೆ ಬದಲಾಗಿ ರಿಯಾಯಿತಿ ಕೊಡುವಂತಿಲ್ಲ. ಅದು ಗೂಗಲ್ ನಿಯಮಕ್ಕೆ ವಿರುದ್ಧ.

ಹಂತ 4: ಹಳೆಯ ಮಾಧ್ಯಮಗಳಲ್ಲಿ ಒಂದನ್ನು ಆರಿಸಿ

ಎಲ್ಲವನ್ನೂ ಒಟ್ಟಿಗೆ ಮಾಡಲು ಹೋಗಬೇಡಿ. ಮೊದಲ ಹಬ್ಬಕ್ಕೆ ಒಂದೇ ಮಾಧ್ಯಮ. ನನ್ನನ್ನು ಕೇಳಿದರೆ ಶುರು ಮಾಡುವವರಿಗೆ ಪೇಪರಿನೊಳಗಿನ ಕರಪತ್ರವೇ ಸರಿ. ಬೇಕಾದಷ್ಟೇ ಅಚ್ಚು ಹಾಕಿಸಬಹುದು, ಬೇಕಾದ ಬಡಾವಣೆಗೆ ಮಾತ್ರ ಹಂಚಬಹುದು, ಫಲ ಎಷ್ಟೆಂದು ಎಣಿಸಬಹುದು.

ಬೆಳಕು ಹರಿಯುವ ಮೊದಲೇ ಪೇಪರ್ ಏಜೆಂಟರು, ಹಂಚುವ ಹುಡುಗರು ಬಂಡಲ್ ಬಿಚ್ಚಿ ಜೋಡಿಸುವ ಜಾಗ ಪ್ರತಿ ಊರಿನಲ್ಲೂ ಇರುತ್ತದೆ. ಒಂದು ದಿನ ನೀವೇ ಅಲ್ಲಿಗೆ ಹೋಗಿ. ಯಾವ ಲೈನಿನಲ್ಲಿ ಎಷ್ಟು ಮನೆ, ಸಾವಿರ ಕರಪತ್ರಕ್ಕೆ ಎಷ್ಟು ತೆಗೆದುಕೊಳ್ಳುತ್ತಾರೆ, ಆ ದಿನ ಬೇರೆ ಯಾರ ಕರಪತ್ರ ಇದೆ ಎಂದು ಕೇಳಿ. ಬೇರೆ ಸೀರೆ ಅಂಗಡಿಯದ್ದೂ ಅದೇ ಪೇಪರಿನಲ್ಲಿದ್ದರೆ ಒಂದು ದಿನ ಮುಂದೆ ಹಾಕಿ. ಹಳ್ಳಿಗಳಿಗೆ ಪೇಪರು ಕಡಿಮೆ ಹೋಗುತ್ತದೆ. ಅಲ್ಲಿಗೆ ಸಂತೆಯ ದಿನ ಬಸ್ ಸ್ಟ್ಯಾಂಡಿನಲ್ಲಿ ಕೈಯಿಂದ ಕೈಗೆ ಕೊಡಿಸುವುದೇ ಮೇಲು.

ಆಟೊ ಮೈಕಿಗೂ ಶಕ್ತಿ ಇದೆ, ಆದರೆ ಚಲಿಸುವ ಆಟೊದಿಂದ ಕೇಳಿದ ಹತ್ತು ಅಂಕಿಯ ನಂಬರನ್ನು ಯಾರೂ ಬರೆದುಕೊಳ್ಳುವುದಿಲ್ಲ. ಮೈಕಿನಲ್ಲಿ ಅಂಗಡಿಯ ಹೆಸರು, ಗುರುತಿನ ಜಾಗ, ಹಬ್ಬದ ಮಾತು ಇಷ್ಟೇ ಇರಲಿ. ಮೊಬೈಲಿಗೆ ಬಾಯಲ್ಲಿ ಹೆಸರು ಹೇಳಿದರೆ ಮ್ಯಾಪ್ ತೋರಿಸುತ್ತದೆ ಎಂದು ಒಂದು ಸಾಲು ಸೇರಿಸಿ. ಧ್ವನಿವರ್ಧಕಕ್ಕೆ ಲಿಖಿತ ಅನುಮತಿ ಬೇಕು, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಳಸುವಂತಿಲ್ಲ.

ಗೋಡೆ ಬರಹಕ್ಕೆ ಗೋಡೆಯ ಮಾಲೀಕರ ಒಪ್ಪಿಗೆಯ ಜೊತೆ ಸ್ಥಳೀಯ ಸಂಸ್ಥೆಯನ್ನೂ ಕೇಳಿ. 1981ರ ತೆರೆದ ಸ್ಥಳಗಳ ವಿರೂಪ ತಡೆ ಕಾಯ್ದೆ ಇನ್ನೂ ಜೀವಂತವಾಗಿದೆ. ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ಬಟ್ಟೆಯ ಬ್ಯಾನರು ಬರೆಸಿ. ಬಟ್ಟೆ ಅಂಗಡಿಗೆ ಅದೇ ಶೋಭೆ. 1950ರಿಂದ ಉತ್ತರ ಕರ್ನಾಟಕದ ಮನೆಗಳಲ್ಲಿ ಕೇಳಿಸುತ್ತಿರುವ ಧಾರವಾಡ ಆಕಾಶವಾಣಿ, ಪುಷ್ಯದ ಬನದ ಹುಣ್ಣಿಮೆಗೆ ಶುರುವಾಗುವ ಬಾದಾಮಿ ಬನಶಂಕರಿ ಜಾತ್ರೆಯ ನಾಟಕ ಕಂಪನಿಗಳ ಟೆಂಟು, ಇವೆಲ್ಲ ಎರಡನೆಯ ವರ್ಷಕ್ಕಿರಲಿ.

ಹಂತ 5: ಕೊಂಡಿ ಹಾಕಿ

ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರ ಮನೆಯಲ್ಲಿ ಆ ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಸೇರಿಸುತ್ತಾರೆ. ಕರಪತ್ರಕ್ಕೂ ಮೊಬೈಲಿಗೂ ಅಂಥ ಕೊಂಡಿ ಬೇಕು. ಅದಿಲ್ಲದಿದ್ದರೆ ನೀವು ಮಾಡಿದ್ದು ಎರಡು ಬಿಡಿ ಜಾಹೀರಾತು.

ಮೊದಲ ಕೊಂಡಿ ಕ್ಯೂಆರ್ ಕೋಡ್. ತರಕಾರಿ ಅಂಗಡಿಯಲ್ಲೂ ಯುಪಿಐ ಬಂದ ಮೇಲೆ ಸ್ಕ್ಯಾನ್ ಮಾಡುವುದನ್ನು ಜನರಿಗೆ ಕಲಿಸಬೇಕಾಗಿಲ್ಲ. ಆದರೆ ಸ್ಕ್ಯಾನ್ ಎಂದರೆ ಹಣ ಕೊಡುವುದು ಎಂಬ ಭಾವನೆ ಗಟ್ಟಿಯಾಗಿದೆ, ಮೋಸದ ಭಯವೂ ಇದೆ. ಅದಕ್ಕೇ ಕೋಡಿನ ಕೆಳಗೆ ‘ಹಣ ಕಟ್ಟಲು ಅಲ್ಲ, ಸೀರೆ ನೋಡಲು’ ಎಂದು ದಪ್ಪಕ್ಷರದಲ್ಲಿ ಬರೆಯಿರಿ. ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲೇ ಅಂಗಡಿಯ ಲಿಂಕ್ ಮತ್ತು ಕ್ಯೂಆರ್ ಸಿಗುತ್ತದೆ, ಮೊದಲೇ ಬರೆದ ಮೆಸೇಜನ್ನೂ ಅದಕ್ಕೆ ಸೇರಿಸಬಹುದು. ಕರಪತ್ರಕ್ಕೆ ಹೀಗೆ ಬರೆದಿಡಿ: ‘ಪಂಚಮಿ ಸೀರೆ ತೋರಿಸಿ, ಕರಪತ್ರ’. ಸ್ಕ್ಯಾನ್ ಮಾಡಿದವರು ಏನೂ ಟೈಪ್ ಮಾಡದೆ ಕಳುಹಿಸಿದರೆ ಸಾಕು, ಅವರು ಎಲ್ಲಿಂದ ಬಂದರೆಂದು ನಿಮಗೆ ಗೊತ್ತಾಯಿತು. ಕರಪತ್ರಕ್ಕೊಂದು, ಕ್ಯಾರಿಬ್ಯಾಗಿಗೊಂದು, ಬ್ಯಾನರಿಗೊಂದು ಬೇರೆ ಬೇರೆ ಮೆಸೇಜ್ ಬೇಕಾದರೆ, ಒತ್ತಿದರೆ ನೇರ ನಿಮ್ಮ ಚಾಟ್ ತೆರೆಯುವ ‘ಕ್ಲಿಕ್ ಟು ಚಾಟ್’ ಲಿಂಕ್ ಮಾಡಿ, ಒಂದೊಂದಕ್ಕೂ ಬೇರೆ ಕೋಡ್ ತೆಗೆಯಬಹುದು.

ಉಚಿತವೆಂದು ಕೋಡ್ ಮಾಡಿಕೊಡುವ ಕೆಲವು ಜಾಲತಾಣಗಳಲ್ಲಿ ಡೈನಾಮಿಕ್ ಕೋಡ್ ಇರುತ್ತದೆ. ಪ್ರಯೋಗದ ಅವಧಿ ಮುಗಿದರೆ ಅದು ಸತ್ತುಹೋಗುತ್ತದೆ, ನಿಮ್ಮ ಮೂರು ಸಾವಿರ ಕರಪತ್ರವೂ ಅದರೊಂದಿಗೆ. ಅವಧಿ ಮುಗಿಯದ ಸ್ಟ್ಯಾಟಿಕ್ ಕೋಡನ್ನೇ ಆರಿಸಿ. ಕೈಯಲ್ಲಿ ಹಿಡಿಯುವ ಕಾಗದಕ್ಕೆ ಕನಿಷ್ಠ 2 ಸೆಂ.ಮೀ. ಬೇಕು, 3 ಇದ್ದರೆ ಒಳ್ಳೆಯದು. ಸುತ್ತಲೂ ಬಿಳಿ ಜಾಗ ಬಿಡಿ. ದೂರದ ಬ್ಯಾನರಿಗೆ ಲೆಕ್ಕ ಸುಲಭ: ನೋಡುವ ದೂರದ ಹತ್ತನೇ ಒಂದು ಭಾಗ. ಐದು ಮೀಟರ್ ದೂರದಿಂದ ಸ್ಕ್ಯಾನ್ ಆಗಬೇಕಾದರೆ ಕೋಡು ಅರ್ಧ ಮೀಟರ್ ಅಗಲ ಇರಬೇಕು. ಅಷ್ಟು ಜಾಗ ಇಲ್ಲದಿದ್ದರೆ ದೊಡ್ಡದಾಗಿ ನಂಬರು ಬರೆಸಿ. ಅಚ್ಚಿಗೆ ಕೊಡುವ ಮುನ್ನ ಒಂದು ಪ್ರತಿ ತೆಗೆಸಿ, ಎರಡು ಮೂರು ಹಳೆಯ ಫೋನುಗಳಲ್ಲಿ ಸ್ಕ್ಯಾನ್ ಮಾಡಿ ನೋಡಿ.

ಎರಡನೆಯ ಕೊಂಡಿ ಸ್ಮಾರ್ಟ್‌ಫೋನ್ ಇಲ್ಲದವರಿಗೆ. ಕರಪತ್ರವನ್ನೇ ಅಂಗಡಿಗೆ ತಂದವರಿಗೆ ಒಂದು ಖಣ ಉಡುಗೊರೆ ಎಂದು ಬರೆಯಿರಿ. ಸೀರೆ ಕೊಂಡರೆ ಮಾತ್ರವೋ, ಎಷ್ಟು ರೂಪಾಯಿ ಮೇಲಿನದ್ದಕ್ಕೋ, ಯಾವ ತಾರೀಖಿನವರೆಗೋ ಎಲ್ಲವೂ ಅಲ್ಲೇ ಓದುವ ಅಕ್ಷರದಲ್ಲಿರಲಿ. ಬಂದ ಕರಪತ್ರಗಳ ಹಿಂದೆ ತಂದವರ ಬಡಾವಣೆಯ ಹೆಸರು ಬರೆದು ಒಂದು ಡಬ್ಬಿಯಲ್ಲಿ ಹಾಕಿಡಿ, ಲೆಕ್ಕಕ್ಕೆ ಬೇಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ‘ಈ ನಂಬರನ್ನು ಸೇವ್ ಮಾಡಿಕೊಳ್ಳಿ’ ಎಂದು ಕರಪತ್ರದಲ್ಲಿ ಇರಲೇಬೇಕು. ಒಂದೇ ಮೆಸೇಜನ್ನು ಹಲವರಿಗೆ ಒಟ್ಟಿಗೆ ಕಳುಹಿಸುವ ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟಿನಲ್ಲಿ ಒಂದು ಪಟ್ಟಿಗೆ 256 ಜನರ ಮಿತಿ ಇದೆ, ಅದೂ ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ನೀವು ಅವರ ನಂಬರು ಇಟ್ಟುಕೊಂಡರೆ ಸಾಲದು. ಅಂಗಡಿಗೆ ಬಂದವರು ಬಿಲ್ ಮಾಡಿಸುವಾಗ ಅವರ ಫೋನಿನಲ್ಲಿ ಅವರೆದುರೇ ನಂಬರು ಸೇವ್ ಮಾಡಿಕೊಡಿ.

ಹಂತ 6: ಹಳೆಯದನ್ನು ಮೊಬೈಲಿನಲ್ಲಿ ತೋರಿಸಿ

ಈಗ ಉಲ್ಟಾ ದಾರಿ. ಕರಪತ್ರ ಹಂಚುವ ಬೆಳಗ್ಗೆಯೇ ಅದರ ಫೋಟೊ ಸ್ಟೇಟಸ್‌ಗೆ ಹೋಗಲಿ: ‘ಇವತ್ತಿನ ಪೇಪರಿನಲ್ಲಿ ನಮ್ಮ ಚೀಟಿ ಬಂದಿದೆ, ಬಿಸಾಡಬೇಡಿ, ತನ್ನಿ’. ಸ್ಟೇಟಸ್ 24 ಗಂಟೆ ಮಾತ್ರ ಇರುತ್ತದೆ, ಆದ್ದರಿಂದ ಮರುದಿನವೂ ಹಾಕಿ. ಬ್ಯಾನರು ಬರೆಯುವ ಕಲಾವಿದನ ಕುಂಚ, ಮಗ್ಗದ ಸದ್ದು, ಖಣದ ಥಾನು ಬಿಚ್ಚುವ ಕೈ ಇವೆಲ್ಲ ಇಪ್ಪತ್ತು ಸೆಕೆಂಡಿನ ರೀಲಿಗೆ ಹೇಳಿ ಮಾಡಿಸಿದಂಥವು. ಸಿನಿಮಾ ಹಾಡು ಹಾಕುವ ಆಸೆ ಬರುತ್ತದೆ. ವ್ಯಾಪಾರದ ಖಾತೆಗೆ ಹಕ್ಕುಸ್ವಾಮ್ಯದ ತೊಂದರೆ ಇದೆ. ಮಗ್ಗದ ಸದ್ದೇ ಸಾಕು.

ದುಡ್ಡು ಕೊಟ್ಟು ಫೇಸ್‌ಬುಕ್, ಇನ್‌ಸ್ಟಾಗ್ರಾಮಿನಲ್ಲಿ ಜಾಹೀರಾತು ಬಿಡುವುದಾದರೆ ಕರಪತ್ರ ಹಂಚಿದ ದಿನದಿಂದ ಮೂರು ನಾಲ್ಕು ದಿನ ಬಿಡಿ, ಅಂಗಡಿಯ ಸುತ್ತ 15–20 ಕಿ.ಮೀ. ಒಳಗೆ. ಬೆಳಗ್ಗೆ ಕಾಗದದಲ್ಲಿ ಕಂಡ ಕೆಂಪು ಸೆರಗು ರಾತ್ರಿ ಫೋನಿನಲ್ಲಿ ಮತ್ತೆ ಕಂಡರೆ ‘ಇದು ಅದೇ ಅಂಗಡಿಯಲ್ಲವೇ’ ಎಂದು ಮನಸ್ಸು ಗುರುತಿಸುತ್ತದೆ. ಪುಣೆ, ಸೊಲ್ಲಾಪುರ, ಬೆಂಗಳೂರಿನಲ್ಲೂ ಇಳಕಲ್ ಸೀರೆ ಉಡುವವರಿದ್ದಾರೆ. ಅವರಿಗೆ ಬೇರೆ ಜಾಹೀರಾತು ಬೇಕು, ಪಾರ್ಸಲ್ ವ್ಯವಸ್ಥೆಯೂ ಬೇಕು; ಎರಡನ್ನೂ ಒಂದರಲ್ಲೇ ತುರುಕಬೇಡಿ.

ಹಂತ 7: ಹಬ್ಬದ ಹಿಂದಿನ ಮೂರು ವಾರ

ಮೊದಲ ವಾರ ಫೋಟೊ, ಕ್ಯಾಟಲಾಗ್, ಕರಪತ್ರದ ಅಚ್ಚು. ಎರಡನೆಯ ವಾರದ ಮಧ್ಯೆ ಕರಪತ್ರ ಹಂಚಿ, ಮೊಬೈಲ್ ಜಾಹೀರಾತು ಶುರು ಮಾಡಿ. ಮೂರನೆಯ ವಾರ ಹೊಸ ಜಾಹೀರಾತು ಬೇಡ. ಬಂದ ಮೆಸೇಜುಗಳಿಗೆ ಉತ್ತರ, ದಿನಕ್ಕೆರಡು ಹೊಸ ಸೀರೆ ಸ್ಟೇಟಸ್‌ನಲ್ಲಿ, ಮುಗಿದದ್ದಕ್ಕೆ ‘ಮುಗಿದಿದೆ’ ಎಂಬ ಗುರುತು. ಈ ವಾರ ಗಂಡ ಹೆಂಡತಿಯಲ್ಲಿ ಒಬ್ಬರು ಫೋನಿಗೇ ಮೀಸಲು. ಬೆಳಗ್ಗೆ ಬಂದ ಪ್ರಶ್ನೆಗೆ ಸಂಜೆ ಉತ್ತರಿಸಿದರೆ ಅಷ್ಟರಲ್ಲಿ ಸೀರೆ ಬೇರೆ ಅಂಗಡಿಯಲ್ಲಿ ಕೊಂಡಾಗಿರುತ್ತದೆ.

ಹಂತ 8: ಲೆಕ್ಕ

ಒಂದು ಕಾಲ್ಪನಿಕ ಲೆಕ್ಕ ಮಾಡಿ ತೋರಿಸುತ್ತೇನೆ, ನಿಮ್ಮ ಊರಿನ ದರ ನೀವು ತುಂಬಿಕೊಳ್ಳಿ. 3,000 ಕರಪತ್ರಕ್ಕೆ ಅಚ್ಚು, ಹಂಚಿಕೆ ಸೇರಿ ₹4,500. ಅದರ ಕೋಡ್ ಸ್ಕ್ಯಾನ್ ಮಾಡಿ 40 ಮೆಸೇಜ್ ಬಂದವು, ಬೇರೆ 22 ಜನ ಕರಪತ್ರವನ್ನೇ ಹಿಡಿದು ಬಂದರು. ಈ 62 ಜನರಲ್ಲಿ 31 ಜನ ಕೊಂಡರು. ತಲಾ ₹250 ಲಾಭ ಎಂದರೆ ₹7,750. ಕೊಂಡವರಿಗೆಲ್ಲ ₹60ರ ಖಣ ಕೊಟ್ಟದ್ದು ₹1,860. ಖರ್ಚು ಕಳೆದು ಕೈಯಲ್ಲಿ ಉಳಿದದ್ದು ₹1,390. ಮೊಬೈಲ್ ಜಾಹೀರಾತಿಗೆ ₹1,500, ಅದರ ಮೇಲೆ 18% ಜಿಎಸ್‌ಟಿ ₹270, ಒಟ್ಟು ₹1,770. 25 ಜನ ವಿಚಾರಿಸಿದರು, 6 ಜನ ಕೊಂಡರು, ಲಾಭ ₹1,500. ಮೇಲ್ನೋಟಕ್ಕೆ ₹270 ನಷ್ಟ.

ಇಲ್ಲಿಗೇ ನಿಂತು ಮೊಬೈಲ್ ಜಾಹೀರಾತು ದಂಡ ಎಂದು ಬರೆದುಬಿಡಬೇಡಿ. ಮೊದಲ ಹಂತದ ನೋಟ್‌ಬುಕ್ ತೆಗೆಯಿರಿ; ಹಬ್ಬ ಮುಗಿಯುವವರೆಗೂ ಅದರಲ್ಲಿ ಬರೆಯುತ್ತಲೇ ಇರಬೇಕು. ಕರಪತ್ರ ತಂದವರಲ್ಲಿ ಎಷ್ಟು ಜನ ‘ಫೋನಿನಲ್ಲೂ ನೋಡಿದ್ದೆ’ ಎಂದಿದ್ದಾರೆ? ಐದಾರು ಜನ ಹಾಗೆ ಹೇಳಿದ್ದರೆ ಎರಡೂ ಸೇರಿ ಕೆಲಸ ಮಾಡಿವೆ, ಮುಂದಿನ ಸಲವೂ ಒಟ್ಟಿಗೇ ಬಿಡಿ. ಒಬ್ಬರೂ ಹೇಳದಿದ್ದರೆ ಚಿತ್ರ ಬದಲಿಸಿ, ಇಲ್ಲವೇ ದೂರ ಕಡಿಮೆ ಮಾಡಿ. ಲೈಕುಗಳ ಸಂಖ್ಯೆಯನ್ನು ಈ ಲೆಕ್ಕದ ಹತ್ತಿರಕ್ಕೂ ಬಿಡಬೇಡಿ.

ಹಂತ 9: ಗಿರಾಕಿಯ ನಂಬಿಕೆ

ಗಿರಾಕಿಯ ಫೋಟೊ ಹಾಕುವ ಮೊದಲು ಅವರನ್ನು ಕೇಳಿ. ಸೊಸೆ ಸೀರೆ ಉಟ್ಟು ನಿಂತ ಚಿತ್ರ ಊರೆಲ್ಲ ಓಡಾಡುವುದು ಎಲ್ಲ ಮನೆಗೂ ಒಪ್ಪಿಗೆಯಲ್ಲ. ಕೇಳದೆ ಯಾರನ್ನೂ ವಾಟ್ಸ್ಆ್ಯಪ್ ಗುಂಪಿಗೆ ಎಳೆಯಬೇಡಿ. ಅವರು ದೂರು ಕೊಟ್ಟರೆ ನಿಮ್ಮ ನಂಬರೇ ಬಂದ್ ಆಗಬಹುದು. ಒಂದೇ ಒಂದು ಸೀರೆಯನ್ನು ಅರ್ಧ ಬೆಲೆಗೆ ಹಾಕಿ ಜನರನ್ನು ಕರೆದು, ಬಂದ ಮೇಲೆ ‘ಅದು ಮುಗಿದಿದೆ, ಇದನ್ನು ನೋಡಿ’ ಎನ್ನುವ ಆಟ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ 2022ರಲ್ಲಿ ಬಂದ ಮಾರ್ಗಸೂಚಿಗಳಿಗೆ ವಿರುದ್ಧ. ಊರಿನ ಹೆಸರುವಾಸಿ ರೀಲ್ಸ್ ಹುಡುಗಿಗೆ ಸೀರೆ ಕೊಟ್ಟು ವಿಡಿಯೊ ಮಾಡಿಸಿದರೆ ಅದು ಜಾಹೀರಾತು ಎಂದು ಅದರಲ್ಲೇ ತಿಳಿಸಬೇಕು.

ಹಬ್ಬ ಮುಗಿದ ವಾರ ವಾಟ್ಸ್ಆ್ಯಪ್‌ನಲ್ಲಿ ಲೇಬಲ್ ಹಾಕುವ ಕೆಲಸ ಮಾಡಿ: ಕೊಂಡವರು, ಕೇಳಿ ಬಿಟ್ಟವರು, ಮದುವೆ ಇರುವ ಮನೆಯವರು, ಕುಬಸಕ್ಕೆ ಖಣ ಕೇಳಿದವರು, ಪರ ಊರಿನವರು. ಕೇಳಿ ಬಿಟ್ಟವರಿಗೆ ಒಂದೇ ಒಂದು ಮೆಸೇಜ್ ಹೋಗಲಿ, ಅವರು ಕೇಳಿದ ಬಣ್ಣ ಮತ್ತೆ ಬಂದಾಗ. ದೀಪಾವಳಿಯ ಕರಪತ್ರ ಬರೆಯಲು ಕೂತಾಗ ಆ ಪಟ್ಟಿಯನ್ನು, ಡಬ್ಬಿಯಲ್ಲಿರುವ ಹಳೆಯ ಕರಪತ್ರಗಳನ್ನು ಎದುರಿಗಿಟ್ಟುಕೊಳ್ಳಿ; ಯಾವ ಬಡಾವಣೆಯಿಂದ ಒಂದೂ ವಾಪಸು ಬಂದಿಲ್ಲವೋ ಆ ಲೈನನ್ನು ಈ ಸಲ ಬಿಟ್ಟು, ಅಷ್ಟು ಪ್ರತಿಗಳನ್ನು ಸಂತೆಯ ದಿನದ ಬಸ್ ಸ್ಟ್ಯಾಂಡಿಗೆ ಕೊಡಿ.